ಫ್ಯಾನಿಲ್ಲದ ಕೋಣೆಯ ಮೌಶಿ

ಕಲಬುರಗಿಯ ಜಗತ್ ಸರ್ಕಲ್ಲಿನ ಆಸುಪಾಸಿನಲ್ಲಿ ಫ್ಯಾನಿಲ್ಲದ ಆಫೀಸು ಅದೊಂದೇ. ಇಲ್ಲವೇ ಇಲ್ಲ ಎಂದರೆ ತಪ್ಪಾದೀತು, ಫ್ಯಾನಿತ್ತು, ರೆಕ್ಕೆಗಳಿರಲಿಲ್ಲ. ಸ್ಟೇಷನರಿ ಅಂಗಡಿಯ ಮೇಲಿನ ಆ ಸಣ್ಣ ಕೋಣೆಯ ಛತ್ತಿನಿಂದ ಬೋಳು ಮೋಟರೊಂದು ಇಳಿಬಿದ್ದಿತ್ತು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟವರು ಮೊದಲು ಮೇಲೆ ನೋಡುತ್ತಿದ್ದರು, ಆಮೇಲೆ ಮೌಶಿಯ ಮುಖ ನೋಡುತ್ತಿದ್ದರು.

"ರೆಕ್ಕಿ ನಾನೇ ಬಿಚ್ಚಿಸೀನ್ರಿ. ನಿಮಗ ಗಾಳಿ ಬೇಕೋ, ಕಾಗದ ಬೇಕೋ?" ಎಂದು ಕೇಳುತ್ತಿದ್ದಳು ಮೌಶಿ. ಕಾಗದ ಬೇಕಾಗಿ ಬಂದವರು ಬೆವರು ಒರೆಸಿಕೊಂಡು ಕೂರುತ್ತಿದ್ದರು.

ಹಿಂದೊಮ್ಮೆ ಯಾರದೋ ಪದವಿ ಪ್ರಮಾಣಪತ್ರ ಫ್ಯಾನಿನ ಗಾಳಿಗೆ ಎದ್ದು, ಕಿಟಕಿ ದಾಟಿ, ಕೆಳಗಿನ ರಸ್ತೆಗೆ ಇಳಿದಿತ್ತಂತೆ. ಮೌಶಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿ, ಎದುರಿಗೆ ಬರುತ್ತಿದ್ದ ಸಿಟಿ ಬಸ್ಸಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳಂತೆ. ಡ್ರೈವರು ಬಾಯಿಗೆ ಬಂದಂತೆ ಬೈದ. ಕಾಗದಕ್ಕೆ ಒಂದು ಗೆರೆ ಕೂಡ ಬೀಳಲಿಲ್ಲ. ಮೌಶಿ ಮಾತ್ರ ಜ್ವರ ಬಂದು ಮಲಗಿದಳು, ಎದ್ದ ಮೇಲೆ ಮೊದಲು ಮಾಡಿದ ಕೆಲಸ ಇಲೆಕ್ಟ್ರಿಷಿಯನ್ನನ್ನು ಕರೆಸಿ ರೆಕ್ಕೆ ಬಿಚ್ಚಿಸಿದ್ದು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಎಲ್ಲಿಯಾದರೂ ಅಚ್ಚಾದರೆ ಒಂದಕ್ಷರ ಹೆಚ್ಚುಕಡಿಮೆ ಆದೀತೆಂದು ಹೆದರಿ, ಸೋದರಳಿಯನ ಮದುವೆ ಕಾರ್ಡಿನಲ್ಲಿ ಕೂಡ ಹಾಕಿಸಿಕೊಳ್ಳದ ಹೆಂಗಸು. ತಾಯಿಯ ಅಕ್ಕತಂಗಿಯರನ್ನು ಕರೆಯುವಂತೆ, ಗಾಜಿಪುರದ ನಮ್ಮ ಓಣಿಗೆಲ್ಲ ಆಕೆ ಮೌಶಿ. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವಳು. ಆದರೂ 'ಅವರು ಬಂದರು, ಹೋದರು' ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ಕಡೆ ಮೌಶಿಗೆ ಯಾರೂ ಬಹುವಚನ ಹಚ್ಚುವುದಿಲ್ಲ.

ಹೊರದೇಶಕ್ಕೆ ಹೋಗುವವರ ಓದಿನ, ಮದುವೆಯ, ಹುಟ್ಟಿದ ದಿನದ ಕಾಗದಗಳಿಗೆ ಸರಕಾರದ ಮುದ್ರೆ ಹಾಕಿಸಿ ತರುವುದು ಆಕೆಯ ಕೆಲಸವಾಗಿತ್ತು. ಬೆಂಗಳೂರಿನಲ್ಲೊಂದು ಮುದ್ರೆ, ದೆಹಲಿಯಲ್ಲೊಂದು, ಕಡೆಗೆ ಯಾವ ದೇಶಕ್ಕೆ ಹೋಗಬೇಕೋ ಆ ದೇಶದ ರಾಯಭಾರ ಕಚೇರಿಯಲ್ಲೊಂದು. ಈ ಮೂರೂ ಬೀಳದಿದ್ದರೆ ಇಲ್ಲಿ ನೀವು ಎಷ್ಟೇ ಓದಿರಿ, ಅಲ್ಲಿ ನೀವು ಓದಿಯೇ ಇಲ್ಲ. ಮುದ್ರೆ ಬೀಳುವುದು ನಕಲು ಪ್ರತಿಯ ಮೇಲಲ್ಲ. ಮೂಲ ಕಾಗದವನ್ನೇ ಕೈಬಿಟ್ಟು ಕಳಿಸಬೇಕು. ಮೌಶಿ ಅದಕ್ಕೆ 'ಅಸಲ್' ಎನ್ನುತ್ತಿದ್ದಳು, ಮನೆಯ ಹಿರಿಯರ ಹೆಸರು ಹೇಳುವಾಗ ತಗ್ಗುವಂತೆ ಆ ಶಬ್ದಕ್ಕೆ ಆಕೆಯ ದನಿ ತಗ್ಗುತ್ತಿತ್ತು.

ಆಕೆಯಷ್ಟು ಅಂಜುಬುರುಕಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅಸಲ್ ಮುಟ್ಟುವ ಮುಂಚೆ ಕೈ ತೊಳೆದು, ಒರೆಸಿ, ಅಂಗೈಗೆ ಪೌಡರ್ ಬಳಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಅಸಲ್ ಇದ್ದ ದಿನ ಉಪ್ಪಿನಕಾಯಿ ಇಲ್ಲ, ಬಜ್ಜಿ ಇಲ್ಲ. ಆಕೆಯ ತಮ್ಮನದು ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿಯ ಅಡತಿ ಅಂಗಡಿ, ಅವನು ಸಂಜೆ ಬಟ್ಟೆ ಝಾಡಿಸಿಕೊಳ್ಳದೆ ಒಳಗೆ ಬಂದರೆ, "ನಿನ್ನ ಗಂಜಿನ ಧೂಳು ಹೊರಗ ಇಟ್ಟು ಬಾರೋ!" ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಬೆಂಗಳೂರಿನ ರೈಲಿನಲ್ಲಿ ಕಾಗದಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಸೀರೆಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ಕೂರುತ್ತಿದ್ದಳು. ಒಮ್ಮೆ ಎದುರು ಸೀಟಿನ ಹೆಂಗಸು, "ಎಷ್ಟು ತಿಂಗಳು?" ಎಂದು ಕೇಳಿಯೇಬಿಟ್ಟಳಂತೆ. ಕೂದಲು ಪೂರಾ ಬೆಳ್ಳಗಾಗಿದ್ದ ಮೌಶಿ, "ದಿನ ತುಂಬ್ಯಾವ ತಂಗಿ, ಬೆಂಗಳೂರಾಗ ಇಳಸ್ತೀನಿ" ಎಂದು ಹೇಳಿ ಬಂದಿದ್ದಳು. ಇದನ್ನು ಹೇಳಿ ಓಣಿಯನ್ನೆಲ್ಲ ನಗಿಸಿದವಳೂ ಆಕೆಯೇ.

ಕಾಗದಕ್ಕೆ ಇಷ್ಟು ಹೆದರುವವಳು ಈ ಕೆಲಸಕ್ಕೆ ಯಾಕೆ ಬಂದಳೋ! ಅವಳದೇ ಯಾವುದೋ ಸರ್ಟಿಫಿಕೇಟು ಕಳೆದುಹೋಗಿತ್ತು, ಸರಕಾರಿ ನೌಕರಿ ತಪ್ಪಿತ್ತು ಎಂದು ಓಣಿಯಲ್ಲಿ ಒಂದು ಕತೆ ಇತ್ತು. ನಾನು ನೇರವಾಗಿ ಕೇಳಿದೆ.

"ಹುಚ್ಚಿ! ನಂದೇನೂ ಕಳದಿಲ್ಲ" ಎಂದಳು. "ಅಂಜಾಕ ಕಾರಣ ಇರಬೇಕೇನು? ನಿನಗ ಹಸಿವಿ ಆಗ್ತದ, ಯಾಕ ಅಂತ ಯಾರರ ಕೇಳ್ತಾರೇನು? ನಾ ಹುಟ್ಟಿದಾಗಿಂದ ಹಿಂಗೇ ಅದೀನಿ."

ಹೋದ ವರ್ಷ ಮೌಶಿ ತೀರಿಕೊಂಡಳು. ಸುದ್ದಿ ಬಂದಾಗ ನಾನು ಇಲ್ಲಿ, ಕೊಲ್ಲಿ ದೇಶದ ಈ ಆಸ್ಪತ್ರೆಯಲ್ಲಿ, ಡ್ಯೂಟಿಯ ಮೇಲಿದ್ದೆ. ಅಳುವುದಕ್ಕೆ ಬೇರೆ ಜಾಗವಿರಲಿಲ್ಲ. ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಾನು ಈ ಆಸ್ಪತ್ರೆಯಲ್ಲಿ ನಿಂತಿರುವುದೇ ಆಕೆಯಿಂದ, ಆಕೆಯ ಅಂಜಿಕೆಯಿಂದ. ಅದನ್ನೇ ಹೇಳಬೇಕು.

ಆಗ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಮಗಳನ್ನು ಇಟ್ಟುಕೊಂಡು ಗಾಜಿಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ನನ್ನ ಗಂಡ ಈ ದೇಶದಲ್ಲಿ ಇಲೆಕ್ಟ್ರಿಷಿಯನ್. ಅವರ ನೌಕರಿಯ ದರ್ಜೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬರುತ್ತಿರಲಿಲ್ಲ. ಮಗಳಿಗೆ ಅಪ್ಪ ಎಂದರೆ ಫೋನು. ಫೋನನ್ನು ಚಾರ್ಜಿಗೆ ಹಚ್ಚಿದರೆ, "ಪಪ್ಪಾ ಉಣ್ಣಾಕತ್ತಾರ" ಎಂದು ಹೇಳಿ, ಗೋಡೆಯ ಪಕ್ಕ ಕೂತು ಕಾಯುತ್ತಿದ್ದಳು. ಅದನ್ನು ಕೇಳಿ ಮೊದಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ಅವಳು ಮಲಗಿದ ಮೇಲೆಯೇ ಫೋನನ್ನು ಚಾರ್ಜಿಗೆ ಹಚ್ಚತೊಡಗಿದೆ.

ಅಷ್ಟರಲ್ಲಿ ಇಲ್ಲಿಯ ಆಸ್ಪತ್ರೆಯೊಂದು ಫೋನಿನಲ್ಲೇ ಸಂದರ್ಶನ ಮಾಡಿ ನನ್ನನ್ನು ಆರಿಸಿತು. ನರ್ಸಿನ ನೌಕರಿಗೆ ಕುಟುಂಬವನ್ನು ಇಟ್ಟುಕೊಳ್ಳುವ ಅವಕಾಶವಿತ್ತು. ನಾನು ಹೋದರೆ ಮೂವರೂ ಒಂದೇ ಸೂರಿನ ಕೆಳಗೆ. ಬೇಕಾಗಿದ್ದದ್ದು ಒಂದೇ: ನನ್ನ ನರ್ಸಿಂಗ್ ಡಿಪ್ಲೊಮಾಕ್ಕೆ ಆ ಮೂರು ಮುದ್ರೆ, ಅವರು ಹೇಳಿದ ಗಡುವಿನೊಳಗೆ.

ಖುಷಿಯಿಂದ ಮೌಶಿಯ ಕೋಣೆಗೆ ಓಡಿದೆ.

"ಅಸಲ್ ಎಲ್ಲಿ ಅದ?" ಎಂದಳು.

"ಕಮಲಾಪುರದಾಗ, ಅಪ್ಪನ ಹಂತೇಕ. ಏನೂ ಫಿಕರ್ ಇಲ್ಲ ಮೌಶಿ. ಪಾಸಾದ ದಿನಾನೇ ಲ್ಯಾಮಿನೇಷನ್ ಮಾಡಿಸಿ ಇಟ್ಟಾನ."

ಮೌಶಿ ಕುರ್ಚಿಯಿಂದ ಅರ್ಧ ಎದ್ದಳು, ಮತ್ತೆ ಕೂತಳು. ಪೌಡರ್ ಬಳಿದ ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಯವ್ವಾ! ಪ್ಲಾಸ್ಟಿಕ್ಕಿನ ಮ್ಯಾಲೆ ಮುದ್ರಿ ಹ್ಯಾಂಗ ಒತ್ತತಾರ? ಮುಟ್ಟಂಗೂ ಇಲ್ಲ ಅವರು. ಹಂಗೇ ವಾಪಸ್ ಒಗೀತಾರ!"

ನನ್ನ ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಕಮಲಾಪುರದಲ್ಲಿ ಅಪ್ಪನಿಗೆ ಒಂದಿಷ್ಟು ಕೆಂಬಾಳೆಯ ತೋಟ. ಗೊನೆಗಳನ್ನು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುತ್ತಾನೆ. ನಮ್ಮ ಮನೆತನದಲ್ಲಿ ಸರಕಾರದ ಮುದ್ರೆ ಇರುವ ಓದಿನ ಕಾಗದ ಅದೊಂದೇ ಆಗಿತ್ತು. ಅಪ್ಪ ಅದನ್ನು ಕಲಬುರಗಿಗೆ ಒಯ್ದು, ಇದ್ದುದರಲ್ಲೇ ದಪ್ಪನೆಯ ಪ್ಲಾಸ್ಟಿಕ್ಕು ಹಾಕಿಸಿ ತಂದ. ಮನೆಗೆ ಬೀಗರು ಬರಲಿ, ಬಾಳೆಕಾಯಿ ವ್ಯಾಪಾರಿ ಬರಲಿ, ಮೊದಲು ಅದನ್ನು ತೋರಿಸುವುದು. ಬರೀ ತೋರಿಸಿದರೆ ಸರಿ, ತಂಬಿಗೆಯಿಂದ ಅದರ ಮೇಲೆ ನೀರು ಸುರಿದು, ಟವೆಲಿನಿಂದ ಒರೆಸಿ, "ನೋಡ್ರಿ, ಒಂದು ಹನಿ ಒಳಗ ಹೋಗಂಗಿಲ್ಲ!" ಎನ್ನುವುದು. ಬಂದವರು ಹೌದು ಹೌದು ಎಂದ ಮೇಲೆಯೇ ಚಹಾ.

ಈ ನೀರಿನ ವಿಷಯ ಕೇಳಿ ಮೌಶಿ ಕಣ್ಣು ಮುಚ್ಚಿಕೊಂಡಳು. "ಹೇಳಬ್ಯಾಡ ಸಾಕು. ನನ್ನ ಎದಿ ಹೊಡಕೊಳ್ಳಾಕತ್ತದ" ಎಂದಳು.

ಡಿಪ್ಲೊಮಾದ ಇನ್ನೊಂದು ಪ್ರತಿಯನ್ನು ಹೊಸದಾಗಿ ತೆಗೆಸೋಣವೆಂದರೆ ಓದಿದ ಶಾಲೆಯಿಂದ ಪತ್ರ ಬೇಕು. ನನ್ನ ನರ್ಸಿಂಗ್ ಶಾಲೆ ಮುಚ್ಚಿಹೋಗಿ, ಆ ಕಟ್ಟಡದಲ್ಲಿ ಈಗ ಮದುವೆ ಮಂಟಪ ಇದೆ. ಡಿಪ್ಲೊಮಾ ಕೊಟ್ಟ ನರ್ಸಿಂಗ್ ಬೋರ್ಡಿನವರನ್ನು ಕೇಳಿದರೆ, ನೋಡೋಣ, ಅರ್ಜಿ ಹಾಕಿ, ಇಷ್ಟೇ ದಿನ ಎಂದು ಹೇಳಲಾಗದು ಎಂದರು. ಗಡುವು ಅಷ್ಟು ದಿನ ಕಾಯುವಂತಿರಲಿಲ್ಲ. ಉಳಿದಿದ್ದು ಒಂದೇ ದಾರಿ: ಪ್ಲಾಸ್ಟಿಕ್ಕು ಸುಲಿಯುವುದು. ಸುಲಿಯುವಾಗ ಕಾಗದ ಹರಿದರೆ ನೌಕರಿ ಹೋಯಿತು, ಮೂವರು ಕೂಡಿ ಇರುವ ಮಾತೂ ಹೋಯಿತು, ನಾನು ಓದಿದ್ದೇನೆ ಎಂಬುದಕ್ಕೆ ಇದ್ದ ಸಾಕ್ಷಿಯೂ ಹೋಯಿತು.

ಹ್ಯಾಗೆ ಸುಲಿಯುವುದೆಂದು ಮೌಶಿಗೆ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. "ಇಂಥಾವು ಬಂದ್ರ ನಾ ಹಂಗೇ ವಾಪಸ್ ಕಳಸ್ತಿದ್ದೆ. ಕೈ ಹಚ್ಚೇ ಇಲ್ಲ" ಎಂದಳು. ಝೆರಾಕ್ಸ್ ಅಂಗಡಿಯವನನ್ನು ಕೇಳಿದೆವು: ಇಸ್ತ್ರಿ ಪೆಟ್ಟಿಗೆಯಿಂದ ಕಾಸಿರಿ ಎಂದ. ಫೋಟೋ ಸ್ಟುಡಿಯೋದವನು ಫ್ರಿಜ್ಜಿನಲ್ಲಿ ಇಡಿ ಎಂದ. ಒಬ್ಬ ಬಿಸಿಲಿಗೆ ಇಟ್ಟು ಬಿಡಿ, ಕಲಬುರಗಿ ಬಿಸಿಲಿಗೆ ತಾನೇ ಬಿಡುತ್ತದೆ ಎಂದು ಹಲ್ಲು ಕಿಸಿದ. ಮೌಶಿ ಅವನ ಕಡೆ ನೋಡಿದ ನೋಟಕ್ಕೆ ಅವನ ನಗು ಅಲ್ಲೇ ನಿಂತಿತು.

ಆಕೆ ಒಂದು ಬಿಳಿ ಹಾಳೆಗೆ ತನ್ನ ಆಫೀಸಿನ ಠಸ್ಸೆ ಒತ್ತಿ, ಲ್ಯಾಮಿನೇಷನ್ ಮಾಡಿಸಿ ತಂದಳು. ಮೊದಲದನ್ನು ಫ್ರಿಜ್ಜಿನಲ್ಲಿಟ್ಟು ಸುಲಿದೆವು. ಕಾಗದ ಪ್ಲಾಸ್ಟಿಕ್ಕಿನ ಜೊತೆಗೇ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಮೌಶಿ ಅದನ್ನು ನೋಡಿ ಮೂಲೆಗೆ ಹೋಗಿ ಕೂತಳು. ಇನ್ನೊಂದನ್ನು ಇಸ್ತ್ರಿಯಿಂದ, ಮೇಲೆ ಬಟ್ಟೆ ಹಾಕಿ, ಬೆಚ್ಚಗೆ ಮಾಡಿ ಸುಲಿದಾಗ ಕಾಗದ ಉಳಿಯಿತು, ಠಸ್ಸೆ ಮಸುಕಾಯಿತು.

"ಇದಕ್ಕಿಂತ ಚಲೋ ಆಗಂಗಿಲ್ಲ" ಎಂದಳು. "ದೇವರ ಮ್ಯಾಲೆ ಭಾರ ಹಾಕಿ ಮಾಡೂದು. ಮುಂಜಾನಿ ಮಾಡೂಣ, ಬೆಳಕಿನಾಗ."

ಅಪ್ಪ ಕಮಲಾಪುರದಿಂದ ಮೊದಲ ಬಸ್ಸಿಗೆ ಡಿಪ್ಲೊಮಾವನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಬಾಡಿಗೆ ಕೋಣೆಗೆ ಬಂದ. ಎಲ್ಲ ಕೇಳಿ ಅವನ ಮುಖ ಸಣ್ಣದಾಗಿಬಿಟ್ಟಿತ್ತು. ಮೌಶಿ ಅವನನ್ನು ಬೈಯುತ್ತಾಳೆಂದು ನಾನು ಅಂಜಿದ್ದೆ.

"ಅಕ್ಕಾರ, ಕಾಗದಕ್ಕ ಏನೂ ಆಗಬಾರದಂತ ಹಾಕಿಸೀನ್ರಿ" ಎಂದ ಅಪ್ಪ, ಅವಳ ಮುಖ ನೋಡದೆ.

"ಗೊತ್ತದ ಅಣ್ಣಾರ. ನೀವು ಭೀ ನನ್ನಂಗೇ ಅಂಜಾವ್ರು" ಎಂದಳು ಮೌಶಿ. "ಹೊರಗ ಕಟ್ಟಿ ಮ್ಯಾಲೆ ಕುಂದರ್ರಿ. ಇದು ನಿಮಗ ನೋಡಾಕ ಆಗಂಗಿಲ್ಲ."

ಮಗಳನ್ನು ಪಕ್ಕದ ಮನೆಗೆ ಕಳಿಸಿದೆವು. ಫ್ಯಾನು ಬಂದ್ ಮಾಡಿದೆವು. ಚಾಪೆಯ ಮೇಲೆ ದಪ್ಪ ಚಾದರ ಹಾಸಿ, ಡಿಪ್ಲೊಮಾವನ್ನು ಇಟ್ಟು, ಮೇಲೆ ಹಳೆಯ ಧೋತರದ ತುಂಡು ಹೊದಿಸಿದೆವು. ಇಸ್ತ್ರಿ ಕಾದಿತು. ನಾನು ಮೌಶಿಯ ಕಡೆ ನೋಡಿದೆ. ಮೌಶಿ ನನ್ನ ಕಡೆ ನೋಡಿದಳು.

"ನನ್ನ ಕೈಲೆ ಆಗಂಗಿಲ್ಲ. ನೀ ತೆಗಿ."

"ಮೌಶಿ! ಇದು ನಿನ್ನ ಕೆಲಸ!"

"ಅದಕ್ಕೇ ಹೇಳಾಕತ್ತೀನಿ. ನನ್ನ ಕೈ ನೋಡು." ಕೈ ಮುಂದೆ ಹಿಡಿದಳು, ಗಡಗಡ ನಡುಗುತ್ತಿತ್ತು. "ನೀ ಹಸಗೂಸಿನ ನರ ಹುಡುಕಿ ಸೂಜಿ ಹಾಕಾಕಿ. ನಿನ್ನ ಕೈ ನಾ ನೋಡೀನಿ, ಹಂದಂಗಿಲ್ಲ ಅದು."

"ಅವು ಮಂದಿ ಕೂಸು ಮೌಶಿ. ಇದು ನಂದು."

"ಮಂದೀದು ಅಂತ ತಿಳಕೋ."

ತಿಳಿದುಕೊಂಡೆ. ಯಾವುದೋ ತಾಯಿ ಬಾಗಿಲಾಚೆ ನಿಂತಿದ್ದಾಳೆ, ಒಳಗೆ ಕೂಸು ಇದೆ, ನಾನು ಡ್ಯೂಟಿಯಲ್ಲಿದ್ದೇನೆ ಎಂದುಕೊಂಡೆ. ಅಂಚು ಕತ್ತರಿಸಿದೆ. ಬಟ್ಟೆಯ ಮೇಲೆ ಇಸ್ತ್ರಿ ಆಡಿಸಿದೆ. ಮೂಲೆಯೊಂದರಲ್ಲಿ ಪದರ ಬಿಟ್ಟಿತು. ಉಗುರಿನಿಂದ ಎತ್ತಿ, ಕಾಗದಕ್ಕೆ ಒತ್ತಿ ಹಿಡಿದಂತೆಯೇ ಹಿಂದಕ್ಕೆ ಮಡಚಿಕೊಂಡು, ಕೂದಲೆಳೆಯಷ್ಟೇ ಸರಿಸುತ್ತ ಹೋದೆ. ಮತ್ತೆ ಕಾಸುವುದು, ಮತ್ತೆ ಸರಿಸುವುದು. ಬೆವರು ಮೂಗಿನ ತುದಿಗೆ ಬಂದರೆ ಮೌಶಿ ಸೆರಗಿನಿಂದ ಒರೆಸುತ್ತಿದ್ದಳು, ಕಾಗದದ ಮೇಲೆ ಬೀಳಬಾರದೆಂದು. ಆಕೆ ಗೋಡೆಯ ಕಡೆ ಮುಖ ಮಾಡಿ, ನನ್ನ ಸೆರಗಿನ ತುದಿ ಬಿಗಿಯಾಗಿ ಹಿಡಿದು ಕೂತಿದ್ದಳು. ಒರೆಸುವಾಗ ಮಾತ್ರ ತಿರುಗುತ್ತಿದ್ದಳು, ಅದೂ ಒಂದು ಕಣ್ಣು ಮುಚ್ಚಿಕೊಂಡು.

ನನ್ನ ಹೆಸರು ಬಂತು. ಅಪ್ಪನ ಹೆಸರು ಬಂತು. ಸಹಿಯೂ ಬಂತು. ಕೆಳಗೆ, ಎಡಕ್ಕೆ, ನೇರಳೆ ಬಣ್ಣದ ದುಂಡು ಮುದ್ರೆಯ ಹತ್ತಿರ ಬಂದಾಗ ಪ್ಲಾಸ್ಟಿಕ್ಕು ಚರ್ ಎಂದಿತು.

"ಏನಾತು?" ಎಂದಳು ಮೌಶಿ, ಗೋಡೆಗೆ.

ಮುದ್ರೆಯ ಒಂದು ಮಗ್ಗಲು, ಉಗುರಿನಷ್ಟು, ಕಾಗದದಿಂದ ಎದ್ದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದುಬಿಟ್ಟಿತ್ತು. ಕಾಗದದ ಮೇಲೆ ಉಳಿದದ್ದು ಕಚ್ಚಿದ ರೊಟ್ಟಿಯಂಥ ಮುದ್ರೆ. ಹೊರಗೆ ಕಟ್ಟೆಯ ಮೇಲಿಂದ ಅಪ್ಪ, "ಆತೇನವ್ವಾ?" ಎಂದು ಕೇಳುತ್ತಿದ್ದ. ಆ ದನಿ ಕೇಳಿ ನನಗೆ ಅಳು ಒತ್ತರಿಸಿ ಬಂತು.

ಮೌಶಿ ತಿರುಗಿ ನೋಡಿದಳು. ಚೀರುತ್ತಾಳೆ ಎಂದುಕೊಂಡೆ. ಚೀರಲಿಲ್ಲ. ಬಗ್ಗಿ ಕಾಗದದ ಅಂಚಂಚು ನೋಡಿದಳು. "ಹರದಿಲ್ಲಲ್ಲ. ಬರೇ ಮುದ್ರಿ ಅಟೇ ಎದ್ದದ. ಉಳಿದದ್ದು ತೆಗಿ. ನಿಂದರಬ್ಯಾಡ, ತಣ್ಣಗ ಆಗ್ತದ." ಹೇಳುವಾಗ ಹಲ್ಲು ಕಟಕಟ ಎನ್ನುತ್ತಿದ್ದವು, ಆದರೂ ಹೇಳಿದಳು.

ಪೂರಾ ಸುಲಿದ ಮೇಲೆ ನಾನು ಆ ಪ್ಲಾಸ್ಟಿಕ್ಕನ್ನು ಮುದ್ದೆ ಮಾಡಿ ಒಗೆಯಲು ಹೋದೆ. ಮೌಶಿ ನನ್ನ ಮಣಿಕಟ್ಟು ಹಿಡಿದಳು, ಹಿಡಿದ ಗುರುತು ಸಂಜೆಯತನಕ ಇತ್ತು. "ಬುದ್ಧಿ ಅದೇನ ನಿನಗ? ಅದರ ಮ್ಯಾಲೆ ನಿನ್ನ ಅಸಲಿನ ತುಂಡ ಅದ! ಅಸಲ್ ಅಂದ ಮ್ಯಾಲೆ ಅದರ ಧೂಳ ಭೀ ಒಗೀಬಾರದು." ಪ್ಲಾಸ್ಟಿಕ್ಕನ್ನೂ ಕಾಗದವನ್ನೂ ಬೇರೆ ಬೇರೆ ಫೈಲಿನಲ್ಲಿಟ್ಟು, ಎರಡನ್ನೂ ಚೀಲಕ್ಕೆ ಹಾಕಿ, ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡಳು. ಅದೇ ಸಂಜೆ ರೈಲು ಹತ್ತಿದಳು.

ಬೆಂಗಳೂರಿನ ಕಚೇರಿಯ ಅಧಿಕಾರಿ ಮುದ್ರೆ ನೋಡಿದ ಕೂಡಲೇ ಕಾಗದವನ್ನು ಬದಿಗಿಟ್ಟು, ಇದು ನಿಜವಾದದ್ದೇ ಎಂದು ಬೋರ್ಡಿಗೆ ಬರೆದು ಕೇಳಿದರಂತೆ. ಮೌಶಿ ಫೋನು ಮಾಡಿ ಇಷ್ಟೇ ಹೇಳಿದಳು: "ಸಂಶಯ ಬಂದದ. ಅಂಜಬ್ಯಾಡ. ನಾ ಅಂಜಾಕತ್ತೀನಿ, ನಿಂದೂ ಸೇರಿಸಿ." ಮರುದಿನ ಆಕೆಯ ಫೋನು ಬಂದ್. ಅದರ ಮರುದಿನವೂ ಬಂದ್. ನಾನು ವಾರ್ಡಿನಲ್ಲಿ ಸಲಾಯಿನ್ ಬಾಟಲಿ ಬದಲಿಸುವಾಗಲೂ ಆ ಕಚ್ಚಿದ ಮುದ್ರೆ ಕಣ್ಣಮುಂದೆ. ನೌಕರಿ ಕೊಟ್ಟವರಿಂದ ಕಾಗದ ಎಲ್ಲಿ ಎಂದು ಒಂದು ಸಂದೇಶ, ಮತ್ತೆ ಇನ್ನೊಂದು. ಮಗಳು ಫೋನು ಹಿಡಿದು ಅಪ್ಪನಿಗೆ ತನ್ನ ಹೊಸ ಚಪ್ಪಲಿ ತೋರಿಸುತ್ತ, "ವಿಮಾನಕ್ಕ ಇದೇ ಹಾಕ್ಕೊಂಡು ಬರ್ತೀನಿ" ಎನ್ನುತ್ತಿದ್ದಳು. ಆ ಕಡೆಯಿಂದ ಅವರು ನಕ್ಕು ನನ್ನ ಮುಖ ನೋಡುತ್ತಿದ್ದರು. ನಾನು ಬೇರೆಡೆ ನೋಡುತ್ತಿದ್ದೆ.

ಸೈರಿಸಲಾಗದೆ ಮೌಶಿಯ ತಮ್ಮನನ್ನು ಕೇಳಲು ಗಂಜಿಗೆ ಹೋದೆ. ತೊಗರಿ ಚೀಲಗಳ ನಡುವೆ ಅವನೂ ಮುಖ ಬಾಡಿಸಿಕೊಂಡು ಕೂತಿದ್ದ. "ನನಗ ಭೀ ಹತ್ತವಲ್ದು ತಂಗಿ. ಫೋನ್ ಹಾಳಾಗಿರ್ತದ" ಎಂದ. ಅವನ ದನಿಯಲ್ಲಿ ಭರವಸೆ ಇರಲಿಲ್ಲ. ವಾಪಸ್ಸು ಬರುವಾಗ ಆಟೋದಲ್ಲಿ ಕೂತು, ಆಕೆ ಸತ್ತಿದ್ದರೆ? ಚೀಲ ಯಾರ ಕೈಯಲ್ಲಿದೆ? ಎಂದು ಒಂದರ ಹಿಂದೊಂದು ಯೋಚನೆ.

ಆಕೆಯ ಫೋನು ನೀರಿನ ಡ್ರಮ್ಮಿನಲ್ಲಿ ಬಿದ್ದಿತ್ತು, ಅಷ್ಟೇ, ನಮ್ಮ ನಂಬರುಗಳೆಲ್ಲ ಅದರಲ್ಲೇ ಇದ್ದವು. ಮೌಶಿ ಪರಿಚಯದವರೊಬ್ಬರ ಮನೆಯಲ್ಲಿ ಇಳಿದು, ದಿನಾ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದಳು. ಬೋರ್ಡಿನಿಂದ ಖಾತ್ರಿಪತ್ರ ಬಂದ ದಿನ ಅಧಿಕಾರಿ, "ಅದೆಲ್ಲ ಸರಿ, ಮುದ್ರೆ ಯಾಕಮ್ಮ ಹೀಗಿದೆ?" ಎಂದು ಕೇಳಿದರಂತೆ. ಮೌಶಿ ಪೌಡರ್ ಹಚ್ಚಿಕೊಂಡು, ಎರಡನೆಯ ಫೈಲು ತೆಗೆದು, ಪ್ಲಾಸ್ಟಿಕ್ಕನ್ನು ಕಾಗದದ ಮೇಲೆ ಮೂಲೆಗೆ ಮೂಲೆ ಕೂಡಿಸಿ ಇಟ್ಟಳು. ಮುದ್ರೆ ದುಂಡಗೆ ಕೂಡಿಕೊಂಡಿತು.

"ಆ ಸಾಹೇಬ ನಕ್ಕ ನೋಡು" ಎಂದಳು, ವಾಪಸ್ಸು ಬಂದು ನನ್ನ ಕೋಣೆಯ ಹೊಸ್ತಿಲಲ್ಲೇ ಕುಸಿದು ಕೂತು. "ಇಷ್ಟು ಅಂಜತೀರೇನಮ್ಮ ಅಂದ. ಹೌದ್ರಿ, ಅಂಜಿದ್ದಕ್ಕೇ ಇದನ್ನ ಇಟ್ಟಕೊಂಡೀನಿ ಅಂದೆ. ನನ್ನ ಮುಂದೇ ಒತ್ತಿದ. ಇನ್ನ ದಿಲ್ಲಿ. ನೀರು ಕೊಡು."

ದೆಹಲಿಯೂ ಆಯಿತು, ರಾಯಭಾರ ಕಚೇರಿಯೂ ಆಯಿತು, ಗಡುವು ಮುಗಿಯುವುದರೊಳಗೇ. ನಾವು ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದ ಮೌಶಿ, ಮಗಳ ಗಲ್ಲ ಹಿಂಡಿ, ನನಗೆ ಒಂದೇ ಮಾತು ಹೇಳಿದಳು: "ಮುಟ್ಟಿದ ಕೂಡಲೆ ಫೋಟೋ ಕಳಸು. ನಿಂದು ಬ್ಯಾಡ, ಅಸಲಿಂದು." ಆಮೇಲೂ ಪ್ರತಿ ಯುಗಾದಿಗೆ ಬೇವುಬೆಲ್ಲದ ಮಾತಿಗೆ ಮುಂಚೆ ಡಿಪ್ಲೊಮಾದ ಫೋಟೋ ಕೇಳುತ್ತಿದ್ದಳು. ಕಳಿಸಿದರೆ, "ಹೂಂ, ಮಡಿಕಿ ಬಿದ್ದಿಲ್ಲ" ಎಂದು ಸಮಾಧಾನ.

ಆಕೆ ಹೋದ ಮೇಲೆ ರಜೆ ಸಿಕ್ಕಾಗ ಕಲಬುರಗಿಗೆ ಹೋದೆ. ಮೌಶಿಯ ತಮ್ಮ ಆಫೀಸಿನ ಬೀಗ ತೆಗೆದು ತೋರಿಸಿದ. ಬೋಳು ಮೋಟರು ಹಾಗೇ ಇತ್ತು.

"ಮಣ್ಣು ಮಾಡಿ ಬಂದ ಮರುದಿನಾನೇ ಇಲ್ಲಿ ಓಡಿ ಬಂದೆ ತಂಗಿ" ಎಂದ. "ಎಷ್ಟೋ ಮಂದಿ ಅಸಲ್ ಆಕಿ ಹಂತೇಕ ಇದ್ವು. ಅವರಿಗೆ ಮುಟ್ಟಸಬೇಕಲ್ಲ? ಕಪಾಟ ತೆಗದ್ರ ಖಾಲಿ. ಒಂದು ಚೀಟಿ ಭೀ ಇಲ್ಲ. ಯಾರೋ ಕದ್ದೊಯ್ದಾರ, ಇನ್ನ ಊರಿಗೆ ಊರೇ ನನ್ನ ಕೊಳ್ಳಪಟ್ಟಿ ಹಿಡೀತದ ಅಂತ ಇಲ್ಲೇ ನೆಲಕ್ಕ ಕುಂತೆ. ಗೊತ್ತಿದ್ದವ್ರಿಗೆ ಒಬ್ಬೊಬ್ರಿಗೇ ಫೋನ್ ಹಚ್ಚಿದೆ. ಎಲ್ರೂ ಒಂದೇ ಮಾತು: ಮೌಶಿ ಮನ್ನೆ ಮನಿಗೇ ಬಂದು ಕೊಟ್ಟು ಹೋಗ್ಯಾಳ."

ಕಡೆಯ ನಾಲ್ಕಾರು ದಿನ ಆ ಸುಡುಬಿಸಿಲಿನಲ್ಲಿ ಆಟೋದಲ್ಲಿ, ಬಸ್ಸಿನಲ್ಲಿ, ಮನೆಯಿಂದ ಮನೆಗೆ ತಿರುಗಿದ್ದಳು. ತಮ್ಮನಿಗೆ ಎದೆಯುರಿ ಎಂದು ಹೇಳಿ ಸೋಡಾ ತರಿಸಿಕೊಂಡು ಕುಡಿದಿದ್ದಳು. ಇಷ್ಟು ಕೇಳಿದಾಗಲೇ ನನಗೆ ಅರ್ಧ ಗೊತ್ತಾಗಿತ್ತು. ಇನ್ನರ್ಧ ಕಮಲಾಪುರದಲ್ಲಿ ಅಪ್ಪ ಹೇಳಿದ.

"ತೀರಿಕೊಂಡ ದಿನ ಮುಂಜಾನೆ ಇಲ್ಲಿಗೆ ಭೀ ಬಂದಿದ್ಲು. ಬಸ್ ಇಳದಾಕಿ ಅಂಗಡಿ ಮುಂದ ಹಂಗೇ ಕುಂತಳು. ಮೈಯೆಲ್ಲಾ ಬೆವರು. ಎಡಗೈ ತಿಕ್ಕೋತ ಇದ್ಲು. ಬಾಳಿಹಣ್ಣು ಕೊಟ್ರ, ಬ್ಯಾಡ ಅಣ್ಣಾರ, ಕೈ ಅಂಟ ಆಗ್ತದ ಅಂದ್ಲು. ಕಮಲಾಪುರ ದವಾಖಾನಿಗೆ ಹೋಗೂಣ ನಡೀರಿ ಅಂದೆ. ಕೇಳಲಿಲ್ಲವ್ವಾ. ಇನ್ನೊಂದು ಮನಿ ಅದ, ಕೊಟ್ಟೇ ಹೋಗ್ತೀನಿ, ನನ್ನ ಹಂತೇಕ ಮಂದಿ ಅಸಲ್ ಇಟ್ಟಕೊಂಡು ದವಾಖಾನಿ ಸೇರಬಾರದು ಅಂದ್ಲು."

ಬೆವರು, ಎಡಗೈ, ಎದೆಯುರಿ. ಮೊದಲ ವರ್ಷದ ನರ್ಸಿಂಗ್ ಹುಡುಗಿಯೂ ಹೇಳುತ್ತಾಳೆ. ಮೊದಲ ದಿನವೇ ನೇರವಾಗಿ ಆಸ್ಪತ್ರೆಗೆ ಹೋಗಿದ್ದರೆ ಬಹುಶಃ ಬದುಕುತ್ತಿದ್ದಳು. ನನಗೆ ಸಿಟ್ಟು ಬಂತು, ಅಪ್ಪನ ಮೇಲಲ್ಲ, ಆಕೆಯ ಮೇಲೆ. ಫ್ಯಾನಿನ ಗಾಳಿಗೆ ಅಂಜಿದೆ, ಉಪ್ಪಿನಕಾಯಿಗೆ ಅಂಜಿದೆ, ನಿನ್ನ ಎದೆನೋವಿಗೆ ಯಾಕೆ ಅಂಜಲಿಲ್ಲ ಮಾರಾಯ್ತಿ ಎಂದು ಬೈದುಕೊಂಡೆ. ಅಪ್ಪನ ಅಂಗಡಿಗೆ ಬಂದಿದ್ದ ದಿನವೇ ಸಂಜೆ, ಕಡೆಯ ಮನೆಗೆ ಕೊಟ್ಟು ಬಂದು, ಗಾಜಿಪುರದ ಮನೆಯಲ್ಲಿ ಕೈ ತೊಳೆಯುತ್ತ ಬಚ್ಚಲಲ್ಲೇ ಬಿದ್ದಿದ್ದಳು.

"ಮತ್ತ ನಮ್ಮ ಮನಿಗೆ ಯಾಕ ಬಂದಿದ್ಲು? ನನ್ನ ಅಸಲ್ ನನ್ನ ಹಂತೇಕೇ ಅದಲ್ಲ?" ಎಂದು ಕೇಳಿದೆ.

ಅಪ್ಪ ಒಳಗೆ ಹೋಗಿ ಟ್ರಂಕು ತೆಗೆದ ಸದ್ದು. ಟವೆಲಿನಲ್ಲಿ ಸುತ್ತಿದ್ದ ಒಂದು ಫೈಲು ತಂದು ನನ್ನ ಮುಂದಿಟ್ಟ. "ಇದನ್ನ ಕೊಟ್ಟು ಹೋದ್ಲು. ಇದು ನಿಮ್ಮ ಮಗಳ ಅಸಲಿನ ತುಂಡು, ಇಷ್ಟು ದಿನ ಜ್ವಾಪಾನ ಮಾಡೀನಿ, ಇನ್ನ ನೀವು ಇಟ್ಟಕೋರಿ ಅಂದ್ಲು."

ಬಿಚ್ಚಿದೆ. ಅಂದು ಸುಲಿದ ಪ್ಲಾಸ್ಟಿಕ್ಕು. ಒಂದು ಮಡಿಕೆ ಇಲ್ಲ. ಎಡಕ್ಕೆ, ಕೆಳಗೆ, ಉಗುರಿನಷ್ಟು ನೇರಳೆ ಬಣ್ಣ. ಎತ್ತಿಕೊಳ್ಳಬೇಕೆಂದು ಕೈ ಚಾಚಿದೆ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಆ ಹಗುರ ಪ್ಲಾಸ್ಟಿಕ್ಕಿನ ಮೂಲೆ ಗಾಳಿಗೆ ಪಟಪಟ ಏಳತೊಡಗಿತು. ಎರಡೂ ಅಂಗೈ ಅದರ ಮೇಲೆ ಒತ್ತಿಟ್ಟು ಕೂಗಿದೆ:

"ಅಪ್ಪಾ, ಮೊದಲ ಆ ಫ್ಯಾನ್ ಬಂದ್ ಮಾಡು!"